ವಾಯ್ಡ್ ಡೆಕ್ಕಿನಿಂದ ವರ್ಸೈಗೆ

ಯುರೋಪ್ ಟ್ರಿಪ್ಪಿನ ಮಾತು ಬಂದರೆ ಈಚೆಗೆ ನನಗೆ ಮೈಯೆಲ್ಲ ಉರಿಯುತ್ತದೆ. ಒಂದು ವಾರಕ್ಕೆ ಐದು ದೇಶ, ಬಸ್ಸಿನಲ್ಲಿ ನಿದ್ದೆ, ಇಳಿದರೆ ಫೋಟೊ, ಹತ್ತಿದರೆ ಚಿಪ್ಸು. ಇಲ್ಲೇ ಸಿಂಗಾಪುರದ ಸೆಂಗ್‌ಕಾಂಗ್‌ನಲ್ಲಿರುವ ನನ್ನ ಗೆಳತಿ ಹೋದ ವಾರ ಫೋನ್ ಮಾಡಿ, "ಪ್ಯಾರಿಸ್‌ನಲ್ಲಿ ಒಂದು ಮಧ್ಯಾಹ್ನ ಫ್ರೀ ಸಿಗುತ್ತೆ ಕಣೇ, ಆವಾಗ ವರ್ಸೈ ಅರಮನೆ ಮುಗಿಸಿಬಿಡ್ತೀವಿ" ಅಂದಳು. ಮುಗಿಸಿಬಿಡುತ್ತಾಳಂತೆ. ಅದೇನು ಫ್ರಿಜ್ಜಿನಲ್ಲಿ ಉಳಿದ ನಿನ್ನೆಯ ಹುಳಿಯೇ, ಮುಗಿಸುವುದಕ್ಕೆ? ಏನೋ ಒಂದು ನೆಪ ಹೇಳಿ ಫೋನಿಟ್ಟೆ. ಅವಳ ತಪ್ಪೇನೂ ಇಲ್ಲ, ಪಾಪ. ನಮ್ಮ ಬ್ಲಾಕಿನ ಕೆಳಗೆ ಕೂತಲ್ಲಿಂದಲೇ ಆ ಅರಮನೆಗೆ ವರ್ಷಗಟ್ಟಲೆ ನಡೆದ ಮನುಷ್ಯರೊಬ್ಬರನ್ನು ಅವಳು ನೋಡಿರಲಿಲ್ಲ, ನಾನು ನೋಡಿದ್ದೆ. ಅವರು ತೀರಿಕೊಂಡ ಮೇಲೆ ಅವರ ಬಗ್ಗೆ ಯಾರ ಹತ್ತಿರವೂ ನೆಟ್ಟಗೆ ಮಾತಾಡಲು ನನಗೆ ಆಗಿಲ್ಲ. ಬರೆದರಾದರೂ ಆದೀತೇನೋ ಎಂದು ಕೂತಿದ್ದೇನೆ.

ಅವರು ನಮ್ಮ ಬುಕಿತ್ ಬಾಟೋಕ್ ಬ್ಲಾಕಿನಲ್ಲಿ ನಮಗಿಂತ ಎರಡು ಮಹಡಿ ಕೆಳಗಿದ್ದವರು. ಮೈಸೂರಿನವರು. ಊರಿನಲ್ಲಾಗಿದ್ದರೆ ಏನಾದರೊಂದು ಸಂಬಂಧ ಹಚ್ಚಿ ಚಿಕ್ಕಪ್ಪನೋ ಮಾವನೋ ಮಾಡಿಕೊಳ್ಳುತ್ತಿದ್ದೆವು. ಇಲ್ಲಿ ಎಲ್ಲರಿಗೂ ಅವರು ಅಂಕಲ್, ಅವರ ಹೆಂಡತಿ ಆಂಟಿ. ಟುವಾಸಿನ ಒಂದು ಕಾರ್ಖಾನೆಯಲ್ಲಿ ಪ್ಲಾನರ್ ಆಗಿದ್ದರು. ಕಾರ್ಖಾನೆಯನ್ನು ಪೂರ್ತಿ ನಿಲ್ಲಿಸಿ, ಪೈಪು, ಪಂಪು, ವಾಲ್ವುಗಳನ್ನೆಲ್ಲ ಬಿಚ್ಚಿ ರಿಪೇರಿ ಮಾಡಿ ಮತ್ತೆ ಶುರು ಮಾಡುವುದಕ್ಕೆ ಅಲ್ಲಿ ಶಟ್‌ಡೌನ್ ಅನ್ನುತ್ತಾರೆ. ಆಗ ಯಾವುದು ಮೊದಲು, ಯಾವುದು ಆಮೇಲೆ, ಯಾರು ಎಲ್ಲಿ ನಿಂತಿರಬೇಕು ಎಂದು ತಿಂಗಳುಗಟ್ಟಲೆ ಮುಂಚೆ ಕೂತು ಯೋಚಿಸುವುದು ಅವರ ಕೆಲಸ. ಅದಕ್ಕೆ ಅವರದೇ ಒಂದು ಪದ್ಧತಿ ಇತ್ತು. ತಂಡದವರನ್ನೆಲ್ಲ ಮೀಟಿಂಗ್ ರೂಮಿನಲ್ಲಿ ಕೂರಿಸಿ ಕಣ್ಣು ಮುಚ್ಚಿಸುವುದು, ತಾವೂ ಮುಚ್ಚಿಕೊಳ್ಳುವುದು, ಆಮೇಲೆ ಬಾಯಲ್ಲೇ ಎಲ್ಲರನ್ನೂ ಗೇಟಿನಿಂದ ಒಳಗೆ ನಡೆಸಿಕೊಂಡು ಹೋಗುವುದು. ಈಗ ಎಡಕ್ಕೆ ತಿರುಗಿದಿರಿ, ಎದುರಿಗೆ ಏಣಿ, ಮೇಲೆ ಪೈಪಿದೆ ತಲೆ ಬಗ್ಗಿಸಿ. ಮೊದಮೊದಲು ಕಿಸಕ್ಕನೆ ನಗುತ್ತಿದ್ದವರು ಆಮೇಲೆ ಕೂತಲ್ಲೇ ನಿಜವಾಗಿಯೂ ತಲೆ ಬಗ್ಗಿಸುತ್ತಿದ್ದರಂತೆ. ಇದನ್ನು ಹೇಳುವಾಗ ಅವರಿಗೆ ಬಹಳ ಖುಷಿ.

ಈ ಚಟ ಕಾರ್ಖಾನೆಯಲ್ಲೇ ಉಳಿಯುತ್ತಿರಲಿಲ್ಲ. ಯುಗಾದಿಗೆ ಸುತ್ತಮುತ್ತಲಿನ ನಾಲ್ಕು ಕನ್ನಡದ ಮನೆಯವರು ಸೇರಿ ಅಡುಗೆ ಮಾಡಿದರೆ ಹೂರಣ ಯಾರ ಒಲೆಯ ಮೇಲೆ, ಹಪ್ಪಳ ಯಾವಾಗ ಕರಿಯಬೇಕು, ಸಾರಿನ ಪಾತ್ರೆ ಲಿಫ್ಟಿನಲ್ಲಿ ಯಾವಾಗ ಇಳಿಯಬೇಕು, ಎಲ್ಲ ಅವರ ತಲೆಯಲ್ಲಿ. ನಮ್ಮೆಜಮಾನರು ಒಮ್ಮೆ, "ಅಂಕಲ್, ಉಪ್ಪು ಎಷ್ಟೊತ್ತಿಗೆ ಹಾಕ್ಬೇಕು ಅಂತ ಶೆಡ್ಯೂಲಲ್ಲಿ ಇದೆಯಾ" ಎಂದು ರೇಗಿಸಿದರು. ಅಂಕಲ್ ನಗಲಿಲ್ಲ. "ಉಪ್ಪು ಆಂಟಿ ಡಿಪಾರ್ಟ್‌ಮೆಂಟು" ಅಂದರು. ಯಾರಾದರೂ ಅವಸರ ಮಾಡಿದರೆ ಅಂಗೈ ಎತ್ತಿ, "ತಡೀರಿ, ಇನ್ನೂ ಗೇಟೇ ತೆಗೆದಿಲ್ಲ" ಅನ್ನುವುದು ಅವರ ಮಾತು. ನಮ್ಮ ಮನೆಯಲ್ಲಿ ಈಗಲೂ ಒಲೆಯ ಮೇಲೆ ಅನ್ನ ಬೇಯುವ ಮೊದಲೇ ತಟ್ಟೆ ಹಿಡಿದು ಬಂದವರಿಗೆ ನಾನು ಅದನ್ನೇ ಹೇಳುತ್ತೇನೆ.

ಆಂಟಿ ಎಲ್ಲದಕ್ಕೂ "ಹೂಂ" ಅನ್ನುತ್ತಿದ್ದರು. ಅವರ ಮಾತೆಂದರೆ ಅಷ್ಟೇ. ನಾನು ಸೊಸೆಯಾಗಿ ಈ ಬ್ಲಾಕಿಗೆ ಬಂದ ಹೊಸದರಲ್ಲಿ, ಈಕೆಗೆ ನನ್ನ ಮೇಲೇನೋ ಮುನಿಸಿರಬೇಕು ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ದೇವರ ಹತ್ತಿರವೂ ಅವರು ಹೆಚ್ಚು ಮಾತಾಡುವವರಲ್ಲ. ಕಾರಿಡಾರಿನ ಗೋಡೆಯುದ್ದಕ್ಕೂ ಕುಂಡಗಳನ್ನಿಟ್ಟಿದ್ದರು. ದಾಸವಾಳ, ಮಲ್ಲಿಗೆ, ಕರಿಬೇವು, ದೊಡ್ಡಪತ್ರೆ. ಬೆಳಗ್ಗೆ ಎದ್ದು ಮೊದಲು ನೋಡುವುದು ಯಾವ ಮೊಗ್ಗು ಅರಳಿದೆ ಎಂದು. ಪಕ್ಕದ ಮನೆಯ ಚೀನೀ ಅಜ್ಜಿಗೂ ಅವರಿಗೂ ಇಬ್ಬರಿಗೂ ಬರುವ ಪದ ಒಂದೂ ಇಲ್ಲದಿದ್ದರೂ ಕರಿಬೇವಿಗೆ ಕಿತ್ತಳೆ ಹಣ್ಣು ಬದಲಾಗುತ್ತಿತ್ತು. ಅವರಿಗೆ ಮಕ್ಕಳಿರಲಿಲ್ಲ. ಅದರ ಬಗ್ಗೆ ಇಬ್ಬರೂ ಮಾತಾಡಿದ್ದನ್ನು ನಾನು ಕೇಳಿಲ್ಲ.

ವರ್ಸೈ ಅಂಕಲ್ ತಲೆಗೆ ಹೊಕ್ಕಿದ್ದು ಚಿಕ್ಕಂದಿನಲ್ಲೇ ಅಂತೆ. ಮೈಸೂರಿನಲ್ಲಿ ಅವರ ಮನೆಯ ಹತ್ತಿರದ ಕ್ಷೌರದಂಗಡಿಯಲ್ಲಿ ಒಂದು ಕ್ಯಾಲೆಂಡರು ತೂಗುಹಾಕಿತ್ತು. ವರ್ಷ ಮುಗಿದರೂ ಚಿತ್ರ ಚೆನ್ನಾಗಿದೆಯೆಂದು ಅಂಗಡಿಯವನು ಅದನ್ನು ತೆಗೆದಿರಲಿಲ್ಲ. ಅರಮನೆಯ ಹಿಂದಿನ ಮೆಟ್ಟಿಲಿನಿಂದ ತೆಗೆದ ತೋಟದ ಚಿತ್ರ. ಎರಡು ಕಡೆ ಮರ, ನಡುವೆ ಹುಲ್ಲು, ಹುಲ್ಲಿನಾಚೆ ಕಾಲುವೆ, ಕಾಲುವೆ ಹೋಗಿ ಹೋಗಿ ಆಕಾಶಕ್ಕೆ ಸೇರುತ್ತದೆ. ತಮ್ಮ ಸರದಿ ಬರುವವರೆಗೂ ಅದನ್ನೇ ನೋಡುತ್ತಾ ಕೂತಿರುತ್ತಿದ್ದರಂತೆ.

"ಸ್ವಂತ ಊರಲ್ಲಿ ಅಷ್ಟು ದೊಡ್ಡ ಅರಮನೆ ಇಟ್ಕೊಂಡು ಇನ್ನೊಬ್ರ ಅರಮನೆ ಮೇಲೆ ಯಾಕೆ ಅಂಕಲ್ ಕಣ್ಣು" ಎಂದು ಕೇಳಿದ್ದೆ.

"ನಮ್ಮ ಅರಮನೆ ನೋಡೋಕೆ ತಲೆ ಎತ್ಬೇಕಮ್ಮ. ಇಲ್ಲಿ ಸುಮ್ನೆ ಮುಂದೆ ನೋಡ್ತಾ ನಿಂತ್ರೆ ಆಯ್ತು. ನೋಡಿದಷ್ಟೂ ಇದೆ" ಅಂದರು.

ರಿಟೈರ್ ಆದ ಮೇಲೆ ಅವರಿಗೆ ಪ್ಲಾನ್ ಮಾಡಲು ಕಾರ್ಖಾನೆ ಇರಲಿಲ್ಲ. ಹಾಗಾಗಿ ಅರಮನೆಯನ್ನು ಹಿಡಿದುಕೊಂಡರು. ಸಂಜೆ ನಾನು ಕೆಲಸ ಮುಗಿಸಿ ಬರುವ ಹೊತ್ತಿಗೆ ಗಂಡ ಹೆಂಡತಿ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ತೆರೆದ ನೆಲಮಹಡಿಯ ಕಂಬಗಳ ನಡುವಿನ ಕಲ್ಲುಮೇಜಿನ ಹತ್ತಿರ ಕೂತಿರುತ್ತಿದ್ದರು. ಮೇಜಿನ ಮೇಲೆ ಚದುರಂಗದ ಮನೆಗಳನ್ನು ಕೆತ್ತಿದೆ. ಪಕ್ಕದ ಮೇಜಿನಲ್ಲಿ ಚೀನೀ ಮುದುಕರು ಅವರ ಆಟದ ಕಾಯಿಗಳನ್ನು ಟಪ್ ಟಪ್ ಎಂದು ಕುಕ್ಕುತ್ತಿದ್ದರೆ ನಮ್ಮ ಮೇಜಿನಲ್ಲಿ ಅಂಕಲ್ಲಿನ ಬಲಗೈಯ ಎರಡು ಬೆರಳುಗಳು ವರ್ಸೈ ತೋಟದಲ್ಲಿ ನಡೆಯುತ್ತಿದ್ದವು. ತೋರುಬೆರಳು ಒಂದು ಕಾಲು, ನಡುಬೆರಳು ಇನ್ನೊಂದು. ನಾನು ಐದು ನಿಮಿಷ ಎಂದು ಬ್ಯಾಗು ಇಳಿಸುತ್ತಿದ್ದೆ. ಎದ್ದು ನೋಡಿದರೆ ದೀಪ ಹತ್ತಿರುತ್ತಿತ್ತು.

"ಕಣ್ಣು ಮುಚ್ಕೊಳಮ್ಮ" ಅನ್ನುತ್ತಿದ್ದರು. ಬ್ಯಾಂಕಿನಲ್ಲಿ ದಿನವಿಡೀ ಸ್ಕ್ರೀನು ನೋಡಿದ ಕಣ್ಣಿಗೆ ಅದೇ ಒಂದು ಸುಖ. ಮುಚ್ಚಿಕೊಳ್ಳುತ್ತಿದ್ದೆ. ಅವರು ಮೆಲ್ಲಗೆ, ಒಂದೇ ಸ್ಥಾಯಿಯಲ್ಲಿ, ಮಗುವನ್ನು ಮಲಗಿಸುವವರ ಹಾಗೆ ಹೇಳುತ್ತಾ ಹೋಗುತ್ತಿದ್ದರು. ಅರಮನೆಯ ಒಳಗೆ ಹೆಚ್ಚು ಹೊತ್ತು ನಿಲ್ಲಿಸುತ್ತಿರಲಿಲ್ಲ. ರಾಜನ ಮಂಚ, ರಾಣಿಯ ಮಂಚ, ಎಲ್ಲ ಬೇಗ ಬೇಗ. ಕನ್ನಡಿಗಳ ಹಜಾರದಲ್ಲಿ ಮಾತ್ರ ನಡಿಗೆ ನಿಧಾನವಾಗುತ್ತಿತ್ತು. ಒಂದು ಕಡೆ ಪೂರ್ತಿ ಕಿಟಕಿ, ಇನ್ನೊಂದು ಕಡೆ ಪೂರ್ತಿ ಕನ್ನಡಿ. ಹೊರಗಿನ ತೋಟ ಒಳಗೂ ಇದೆ. ಆಮೇಲೆ ಬಾಗಿಲು ದಾಟಿ ಮೆಟ್ಟಿಲ ಮೇಲೆ ತಂದು ನಿಲ್ಲಿಸಿ ಸುಮ್ಮನಾಗಿಬಿಡುತ್ತಿದ್ದರು. ಆ ಮೌನದಲ್ಲಿ ನನಗೆ ತೋಟ ಕಾಣುತ್ತಿತ್ತು. ಆಣೆ ಮಾಡಿ ಹೇಳುತ್ತೇನೆ, ಕಾಣುತ್ತಿತ್ತು. ಕೆಳಗೆ ಕಪ್ಪೆಗಳ ಕಾರಂಜಿ, ಅದರಾಚೆ ಹಸಿರು ಹುಲ್ಲಿನ ಹಾಸು, ಅದರಾಚೆ ನೀರಿನೊಳಗಿಂದ ಎದ್ದು ಬರುವ ಕುದುರೆಗಳು, ಅದರಾಚೆ ಕಾಲುವೆ. ಎಲ್ಲಿಯದೋ ತಂಪು ಗಾಳಿ ಬಂದು ಮುಖಕ್ಕೆ ತಾಗುತ್ತಿತ್ತು. ಮೇಲೆ ಹಳಿಯ ಮೇಲೆ ಎಮ್‌ಆರ್‌ಟಿ ರೈಲು ಹೋದ ಸದ್ದು ನನ್ನ ಕಿವಿಗೆ ನೀರು ಸುರಿದಂತೆಯೇ ಕೇಳುತ್ತಿತ್ತು. ಬೆಳಗ್ಗೆ ರೈಲಿನಲ್ಲಿ ನಿಂತಾಗಲೂ ಆ ಮೆಟ್ಟಿಲು ಇಳಿಯುತ್ತಿದ್ದೆ. ಇಳಿಯುತ್ತಾ ಇಳಿಯುತ್ತಾ ಎಷ್ಟೋ ಸಲ ನನ್ನ ಸ್ಟೇಷನ್ನೇ ದಾಟಿಹೋಗಿದೆ.

ಅವರಿಗೆ ಅಲ್ಲಿಯ ಎಲ್ಲ ವಿಷಯಗಳಲ್ಲಿ ಬಹಳ ಇಷ್ಟವಾದದ್ದು ನೀರಿನ ಕಥೆ. ರಾಜನ ಕಾಲದಲ್ಲಿ ಎಲ್ಲ ಕಾರಂಜಿಗಳಿಗೂ ಒಟ್ಟಿಗೆ ಸಾಕಾಗುವಷ್ಟು ನೀರಿರಲಿಲ್ಲವಂತೆ. ರಾಜ ಒಂದು ಕಾರಂಜಿಯ ಹತ್ತಿರ ಬರುತ್ತಿದ್ದ ಹಾಗೆ ಕೆಲಸಗಾರರು ಸೀಟಿ ಹೊಡೆದು ಮುಂದಿನವರಿಗೆ ತಿಳಿಸುವುದು, ಅವರು ವಾಲ್ವ್ ತೆರೆಯುವುದು, ರಾಜ ದಾಟಿದ ಮೇಲೆ ಮುಚ್ಚುವುದು. "ರಾಜನಿಗೆ ಎಲ್ಲಾ ಕಡೆ ನೀರು ಹಾರ್ತಿದೆ ಅಂತ್ಲೇ ಅನ್ಸೋದು. ಎಂಥಾ ಪ್ಲಾನಿಂಗು ನೋಡಮ್ಮ" ಎಂದು ತೊಡೆ ತಟ್ಟಿಕೊಳ್ಳುತ್ತಿದ್ದರು. ತಾವಿಬ್ಬರೂ ಹೋಗುವ ಟ್ರಿಪ್ಪಿಗೆ ಬೇಕಾದ್ದೂ ಅವರ ಪ್ಲಾನಿನಲ್ಲಿತ್ತು. ಮಧ್ಯಾಹ್ನ ಕಾಲುವೆಯ ದಡದಲ್ಲಿ, ಎಡಗಡೆಯ ಮರಗಳ ನೆರಳಿನಲ್ಲಿ ಮೊಸರನ್ನದ ಡಬ್ಬಿ ತೆಗೆಯುವುದು. ಅದಕ್ಕೆ ಹಾಲು ಹಿಂದಿನ ರಾತ್ರಿಯೇ ಪ್ಯಾರಿಸ್ಸಿನ ಹೋಟೆಲಿನಲ್ಲಿ ಹೆಪ್ಪು ಹಾಕಬೇಕು. "ಹೆಪ್ಪಿಗೆ ಇಲ್ಲಿಂದ ಒಣಮೆಣಸಿನಕಾಯಿ ತೊಟ್ಟು ಒಯ್ಯೋದು" ಅಂದರು. ಆಂಟಿ "ಹೂಂ" ಅಂದರು.

ಅವರ ಕಣ್ಣಿನ ವಿಷಯ ನನಗೆ ಸರಿಯಾಗಿ ಗೊತ್ತಾದದ್ದು ಊಟ ತಿಂಡಿಯ ಅಂಗಡಿಗಳೆಲ್ಲ ಒಂದೇ ಸೂರಿನಡಿ ಇರುವ ಹಾಕರ್ ಸೆಂಟರಿನಲ್ಲಿ. ಕಾಫಿ ತಟ್ಟೆ ಹಿಡಿದು ಬರುತ್ತಿದ್ದವರು ಪಕ್ಕದಿಂದ ಬಂದ ತಳ್ಳುಗಾಡಿಗೆ ಹೋಗಿ ಡಿಕ್ಕಿ ಹೊಡೆದರು. ತಟ್ಟೆ, ಲೋಟ, ಕಾಫಿ ಎಲ್ಲ ನೆಲದ ಪಾಲು. ಗಾಡಿ ಅಷ್ಟು ದೊಡ್ಡದಿತ್ತು, ಕಾಣದಿರಲು ಸಾಧ್ಯವೇ ಇರಲಿಲ್ಲ. ಗ್ಲಾಕೋಮಾ ಇದೆಯೆಂದು ಆಂಟಿಗೂ ಗೊತ್ತಿತ್ತು, ದಿನಾ ಕಣ್ಣಿಗೆ ಡ್ರಾಪ್ಸ್ ಹಾಕುತ್ತಿದ್ದವರೇ ಅವರು. ಗೊತ್ತಿಲ್ಲದಿದ್ದದ್ದು ಅದು ಎಲ್ಲಿಗೆ ಬಂದಿದೆ ಎಂದು. ಮುಂದಿನ ಚೆಕಪ್ಪಿಗೆ ಅಂಕಲ್ ಆಂಟಿಯನ್ನು ಬಿಟ್ಟು ನನ್ನನ್ನು ಕರೆದುಕೊಂಡು ಹೋದರು. ಅವರಿಗೆ ಎಷ್ಟು ಕಾಣುತ್ತದೆಂದು ಡಾಕ್ಟರಮ್ಮ ಸ್ಕ್ರೀನಿನಲ್ಲಿ ತೋರಿಸಿದರು. ಸುತ್ತ ಎಲ್ಲ ಕಪ್ಪು, ನಡುವೆ ಮಾತ್ರ ಸಣ್ಣ ಬೆಳ್ಳಗಿನ ಗುಂಡು. ಅದು ವರ್ಷ ಉಳಿದರೂ ಉಳಿಯಬಹುದು, ಕೆಲವು ತಿಂಗಳಲ್ಲಿ ಹೋದರೂ ಹೋಗಬಹುದು, ಹೇಳಲಾಗುವುದಿಲ್ಲ ಎಂದರು.

ವಾಪಸ್ ಬರುವಾಗ ರೈಲಿನಲ್ಲಿ ನನ್ನನ್ನು ಅವರೇ ಸಮಾಧಾನ ಮಾಡಿದರು. "ಬೀಗದ ಕಿಂಡೀಲಿ ನೋಡಿದ ಹಾಗಿದೆ ಅಷ್ಟೆ. ಅಕ್ಕಪಕ್ಕ ಹೋಯ್ತು, ಎದುರಿಗಿರೋದು ಇದೆ. ನೋಡಮ್ಮ, ಆ ತೋಟಕ್ಕೆ ಅಷ್ಟಿದ್ರೆ ಸಾಕು. ಅದು ಎದುರಿಗೆ ನೋಡೋರಿಗೇ ಅಂತ ಮಾಡಿರೋ ತೋಟ. ಆದ್ರೆ ಇನ್ನು ಮುಂದೂಡೋ ಹಾಗಿಲ್ಲ. ಈ ವರ್ಷವೇ ಹೋಗ್ಬೇಕು."

ಡಿಸೆಂಬರಿಗೆ ಬುಕ್ ಮಾಡಿದರು. ಯಾಕೆ ಡಿಸೆಂಬರು ಎಂದು ಯಾರೂ ಕೇಳಲಿಲ್ಲ. ಸಿಂಗಾಪುರದಲ್ಲಿರುವ ನಮಗೆ ದೊಡ್ಡ ರಜೆ ಎಂದರೆ ಡಿಸೆಂಬರೇ. ಸ್ಕೂಲಿಗೂ ಆಗಲೇ ರಜೆ, ಎಲ್ಲರೂ ಆಗಲೇ ಊರಿಗೆ ಹೋಗುವುದು, ಆಗಲೇ ದೇಶ ಸುತ್ತುವುದು. ಅಂಕಲ್ ರಿಟೈರ್ ಆಗಿದ್ದರೂ ಅವರ ಕೈ ಅಭ್ಯಾಸಬಲದಿಂದ ಆ ತಿಂಗಳ ಮೇಲೇ ಹೋಗಿ ಕೂತಿತ್ತು. ವರ್ಷಪೂರ್ತಿ ಬೆಳಗ್ಗೆ ಏಳಕ್ಕೆ ಬರುವ ಸೂರ್ಯ ಸಂಜೆ ಏಳಕ್ಕೆ ಹೋಗುವ ಊರು ಇದು. ಜನವರಿಗೂ ಜುಲೈಗೂ ಇಲ್ಲಿ ಏನು ವ್ಯತ್ಯಾಸ? ಹೆಪ್ಪಿಗೆ ಮೆಣಸಿನಕಾಯಿ ತೊಟ್ಟನ್ನೂ ಯೋಚಿಸಿದ್ದ ಮನುಷ್ಯ ಚಳಿಗಾಲ ಎನ್ನುವುದೊಂದಿದೆ ಎಂಬುದನ್ನೇ ಮರೆತಿದ್ದರು. ನಾವೂ ಮರೆತಿದ್ದೆವು. ಚಳಿಯೆಂದು ಸ್ವೆಟರುಗಳನ್ನು ಕಡ ತಂದುಕೊಟ್ಟವರಿಗೂ ಚಳಿಗಾಲದ ತೋಟ ಹೇಗಿರುತ್ತದೆಂದು ಹೊಳೆಯಲಿಲ್ಲ.

ನವೆಂಬರಿನ ಒಂದು ಸಂಜೆ. ವೀಸಾ ಬಂದಿತ್ತು. ಮಳೆ ಬಂದು ನಿಂತು ಸುತ್ತಲಿನ ಹುಲ್ಲಿನಿಂದ ಹಬೆ ಏಳುತ್ತಿತ್ತು. ಅಂಕಲ್ ನಮ್ಮನ್ನು ದೊಡ್ಡ ಕುಂಡಗಳ ಕಿತ್ತಳೆ ಗಿಡಗಳ ಸಾಲಿನಲ್ಲಿ ನಡೆಸುತ್ತಿದ್ದರು. ಎಡಕ್ಕೆ ಕೆಂಪು ಹೂವಿನ ಮಡಿ, ಬಲಕ್ಕೆ ಹಳದಿ. ಆಂಟಿ ಮಡಿಲಲ್ಲಿ ಮಲ್ಲಿಗೆ ಮೊಗ್ಗು ಇಟ್ಟುಕೊಂಡು ಕಟ್ಟುತ್ತಿದ್ದರು. ದಾರ ಹಲ್ಲಿನಲ್ಲಿ ಹಿಡಿದಿದ್ದವರು ಅದನ್ನು ಬಿಟ್ಟು ಕೇಳಿದರು.

"ಡಿಸೆಂಬರಲ್ಲಿ ಅಲ್ಲಿ ಹೂವಿರುತ್ತಾ?"

ಅಂಕಲ್ ಕಣ್ಣು ಬಿಟ್ಟರು. ಬೆರಳುಗಳು ಚದುರಂಗದ ಮನೆಯ ಮೇಲೆ ನಿಂತುಬಿಟ್ಟವು. ನಾನು ಫೋನು ತೆಗೆದು ಹುಡುಕಿ ಜೋರಾಗಿ ಓದಲು ಶುರು ಮಾಡಿದೆ. ವಸಂತದವರೆಗೆ ಕಾರಂಜಿಗಳು ಬಂದ್. ಚಳಿಗೆ ಹಾಳಾಗದಿರಲೆಂದು ವಿಗ್ರಹಗಳಿಗೆ ಹೊದಿಕೆ. ಕಿತ್ತಳೆ ಗಿಡಗಳು ಒಳಗೆ. ಅಷ್ಟಕ್ಕೆ ನಿಲ್ಲಿಸಿ ಫೋನು ಕೆಳಗಿಟ್ಟೆ.

"ಪರವಾಗಿಲ್ಲ ಬಿಡಿ. ಅರಮನೆ ಇರುತ್ತಲ್ಲ" ಎಂದು ಆಂಟಿ ಮತ್ತೆ ದಾರ ಕಚ್ಚಿಕೊಂಡರು. ಆದರೆ ಮೊಗ್ಗನ್ನು ಹಿಡಿದ ಕೈ ಸ್ವಲ್ಪ ಹೊತ್ತು ಕಟ್ಟಲಿಲ್ಲ.

ಮಾರನೆಯ ದಿನ ಅಂಕಲ್ ನಾನು ಸ್ಟೇಷನ್ನಿನಿಂದ ಬರುವ ದಾರಿಯಲ್ಲೇ ಕಾದು ನಿಂತಿದ್ದರು. ಟಿಕೆಟನ್ನು ಮೇ ತಿಂಗಳಿಗೆ ಬದಲಾಯಿಸಿದ್ದೇನೆ ಅಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಅಂಕಲ್, ನಿಮಗೇನಾದ್ರೂ ಬುದ್ಧಿ ಇದೆಯಾ? ಡಾಕ್ಟರ್ ಹೇಳಿದ್ದು ಕೇಳಿಸ್ಕೊಂಡ್ರಿ ತಾನೆ?"

"ಕೇಳಿಸ್ಕೊಂಡೆ."

"ಮೇ ತನಕ ಇರುತ್ತೆ ಅಂತ ಗ್ಯಾರಂಟಿ ಇಲ್ಲ ಅಂದ್ರು."

"ಹೋಗುತ್ತೆ ಅಂತಾನೂ ಗ್ಯಾರಂಟಿ ಕೊಡ್ಲಿಲ್ಲ."

"ಹೂವಿಲ್ಲದಿದ್ರೆ ಕತ್ತೆ ಬಾಲ. ಕಾಲುವೆ ಎಲ್ಲಿಗೂ ಹೋಗಲ್ಲ. ನಿಮಗೆ ಬೇಕಾಗಿರೋದು ಅದು. ಡಿಸೆಂಬರಲ್ಲೇ ಹೋಗಿ ಕಣ್ತುಂಬ ನೋಡ್ಕೊಂಡು ಬನ್ನಿ."

ಅವರು ದಾರಿ ಬದಿಯ ಕಂಬಿ ಹಿಡಿದುಕೊಂಡರು. "ಇಷ್ಟು ವರ್ಷದಲ್ಲಿ ಅವಳು ನನ್ನ ಪ್ಲಾನಿಗೆ ಒಂದು ಪ್ರಶ್ನೆ ಕೇಳಿರ್ಲಿಲ್ಲ ಕಣಮ್ಮ. ಸಿಂಗಾಪುರಕ್ಕೆ ಹೋಗೋಣ ಅಂದಾಗ್ಲೂ ಹೂಂ ಅಂದಳು. ನಿನ್ನೆ ಒಂದು ಕೇಳಿದಳು. ನಂದು ಹೇಗಿದ್ರೂ ಕಿಂಡಿ. ಅವಳಿಗೆ ಪೂರ್ತಿ ಕಣ್ಣಿದೆ. ಪೂರ್ತಿ ಕಣ್ಣಿರೋಳನ್ನ ಅಷ್ಟು ದೂರ ಕರ್ಕೊಂಡು ಹೋಗಿ ಟಾರ್ಪಾಲಿನ್ ತೋರಿಸ್ಲಾ?"

ಆಮೇಲೆ, "ಡಾಕ್ಟರ್ ಹೇಳಿದ್ದು ಆಂಟಿಗೆ ಹೇಳ್ಬೇಡ. ಹೇಳಿದ್ರೆ ಡಿಸೆಂಬರೇ ಇರ್ಲಿ ಅಂತಾಳೆ" ಅಂದರು. ಅವರ ಕಣ್ಣು, ಅವರ ಹೆಂಡತಿ, ಅವರ ತೋಟ. ನಾನು ಯಾರು ನಡುವೆ ಬಾಯಿ ಹಾಕಲು ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಒಂದು ವಾರ ಕಲ್ಲುಮೇಜಿನ ಹತ್ತಿರ ಹೋಗಲಿಲ್ಲ.

ಆಮೇಲೆ ಶುರುವಾದದ್ದು ಕಾಯುವುದು. ಅಷ್ಟು ಉದ್ದದ ತಿಂಗಳುಗಳನ್ನು ನಾನು ನೋಡಿಲ್ಲ. ಚೀನೀ ಹೊಸ ವರ್ಷದ ಕೆಂಪು ದೀಪಗಳು ಬಂದು ಹೋದವು. ಸಂಜೆಯ ನಡಿಗೆ ನಡೆದೇ ಇತ್ತು, ಈಗ ತೋಟದ ತುಂಬ ಹೂವು. ಆಂಟಿ ಮೇಲಿನಿಂದ ಕಾಫಿ ತರಲು ಎದ್ದು ಹೋದಾಗ ನಾನು ಹುಬ್ಬು ಏರಿಸಿ, ಎಷ್ಟಿದೆ ಅಂಕಲ್ ಎಂದು ಪಿಸುಗುಟ್ಟುತ್ತಿದ್ದೆ. ಅವರು ಹೆಬ್ಬೆರಳು ತೋರುಬೆರಳು ಸೇರಿಸಿ ಒಂದು ಸೊನ್ನೆ ಮಾಡಿ ತೋರಿಸುತ್ತಿದ್ದರು. ಫೆಬ್ರವರಿಯಲ್ಲಿ ಅದು ಉದ್ದಿನ ವಡೆಯಷ್ಟಿತ್ತು. ಮಾರ್ಚಿನಲ್ಲಿ ಬಲಗಣ್ಣು ಪೂರ್ತಿ ಹೋಯಿತು, ಆಂಟಿಯ ಹತ್ತಿರ ಮಾತ್ರ ತಮ್ಮ ಕನ್ನಡಕದ ಪವರ್ ಬದಲಾಗಿದೆ ಎಂದರು. ಏಪ್ರಿಲಿನಲ್ಲಿ ಒಂದು ಸಂಜೆ ಸೊನ್ನೆ ಮಾಡಲು ಹೋಗಿ ಬೆರಳಿನ ನಡುವೆ ಸಂದೇ ಉಳಿಯಲಿಲ್ಲ. ಅವರು ಕೈ ಇಳಿಸಿ, "ಗೇಟು ತೆಗೆಯೋ ಹೊತ್ತಾಯ್ತಲ್ಲ, ಬಿಡು" ಅಂದರು. ನಾನು ದೇವರನ್ನು ದಿನಾ ಕಾಡುವವಳಲ್ಲ. ಅವರು ಹೊರಟ ದಿನ ಮಾತ್ರ ತುಪ್ಪದ ದೀಪ ಹಚ್ಚಿ, ಒಂದು ಹತ್ತು ನಿಮಿಷ, ಆ ಮೆಟ್ಟಿಲ ಮೇಲೆ ನಿಂತಾಗ ಬರೀ ಹತ್ತು ನಿಮಿಷ ಕಾಣಿಸಪ್ಪ ಎಂದು ಬೇಡಿಕೊಂಡೆ.

ಅವರು ವಾಪಸ್ ಬಂದ ಮರುದಿನ ನಮ್ಮ ಮನೆಯ ಬೆಲ್ ಆಯಿತು. ಬಾಗಿಲಲ್ಲಿ ಆಂಟಿ ಒಬ್ಬರೇ. ಒಳಗೆ ಬಂದು ಸೋಫಾದ ತುದಿಯಲ್ಲಿ ಕೂತು, ನಾನು ಕೇಳುವ ಮೊದಲೇ ಮಾತಾಡಲು ಶುರು ಮಾಡಿದರು. ಅವರ ಬಾಯಿಂದ ಅಷ್ಟು ಮಾತು ಒಟ್ಟಿಗೆ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಒಳಗೆಲ್ಲ ನನ್ನ ತೋಳು ಹಿಡ್ಕೊಂಡೇ ನಡೆದ್ರು. ಜನ ಜಾಸ್ತಿ, ಅದಕ್ಕೆ ಅಂದ್ಕೊಂಡೆ ನಾನು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತ್ವಿ. ಸಂಗೀತ ಶುರುವಾಯ್ತು ನೋಡು, ಒಂದೇ ಸಲಕ್ಕೆ ಎಲ್ಲಾ ಕಡೆ ನೀರು ಎದ್ದು ಬಂತು. ನಂಗೆ ಮೈಯೆಲ್ಲ ಜುಮ್ ಅಂತು. ನೋಡ್ರೀ ನೋಡ್ರೀ ಅಂತ ಅವರ ಕಡೆ ತಿರುಗಿದ್ರೆ, ಅವರು ಗೋಡೆ ಕಡೆ ಮುಖ ಮಾಡ್ಕೊಂಡು ನಗ್ತಾ ನಿಂತಿದಾರೆ."

ಆಂಟಿ ಸೆರಗಿನಿಂದ ಮೂಗು ಒರೆಸಿಕೊಂಡರು.

"ಗದ್ದ ಹಿಡಿದು ಈ ಕಡೆ ತಿರುಗಿಸಿದೆ. ಕಾಣುತ್ತಾ ಅಂದೆ. ಬೆಳಕು ಕಾಣುತ್ತೆ ಅಂದ್ರು. ಬೆಳಕು ಬಿಟ್ರೆ? ಏನಿಲ್ಲ ಅಂದ್ರು. ಆಮೇಲೆ ಎಲ್ಲಾ ಹೇಳಿದ್ರು. ಡಿಸೆಂಬರದ್ದೂ ಹೇಳಿದ್ರು. ಅಲ್ಲೇ ಮೆಟ್ಟಿಲ ಮೇಲೆ ಕೂತ್ಕೊಂಡು ಬೈದೆ ಕಣೇ ಅವರಿಗೆ. ಅಷ್ಟು ಜನ ಓಡಾಡ್ತಿದಾರೆ, ಗಂಡಂಗೆ ಬೈತಾ ಕೂತಿದೀನಿ. ಮೈಸೂರಲ್ಲಿ ಹುಟ್ಟಿದೋಳು ನಾನು, ಹೂವು ಕಂಡಿಲ್ವಾ? ಯಾರು ಕೇಳಿದ್ರು ನಿಮ್ಮನ್ನ ಅಂತ. ಎಲ್ಲಾ ಕೇಳಿಸ್ಕೊಂಡು, ಬೈದಿದ್ದು ಮುಗೀತಾ, ಈಗ ಏನು ಕಾಣ್ತಿದೆ ಹೇಳು ಅಂದ್ರು."

"ನೀವೇನು ಹೇಳಿದ್ರಿ ಆಂಟಿ?"

"ನಂಗೆಲ್ಲಿ ಹೇಳೋಕೆ ಬರುತ್ತೆ? ನೀರು ಅಂದೆ. ಎಷ್ಟು ಎತ್ತರ ಅಂದ್ರು. ಮೂರಾಳು ಅಂದೆ. ಕಪ್ಪೆ ಬಾಯಿಂದ ಬರ್ತಿದೆಯಾ ಅಂದ್ರು. ಹೂಂ ಅಂದೆ. ಹೂಂ ಅಂದ್ರೆ ಸಾಲದು ಅಂದ್ರು."

ಆಮೇಲೆ ಅವರಿಬ್ಬರೂ ಸಂಜೆಯವರೆಗೆ ನಡೆದರಂತೆ. ಇಲ್ಲಿ ಎಡಕ್ಕೆ ತಿರುಗು ಎಂದು ಅಂಕಲ್ ಹೇಳುವುದು, ತಿರುಗಿದರೆ ಏನಿದೆ ಎಂದು ಆಂಟಿ ಹೇಳುವುದು. ಎತ್ತರದ ಗಿಡದ ಗೋಡೆಗಳ ನಡುವೆ ಬೇರೆ ಜನ ಫೋನು ಹಿಡಿದು ದಾರಿ ಹುಡುಕುತ್ತಿದ್ದರೆ ಅಂಕಲ್ ಒಂದು ತಿರುವೂ ತಪ್ಪಲಿಲ್ಲ. ಅಲ್ಲಿಯ ಹೂವುಗಳ ಹೆಸರು ಆಂಟಿಗೆ ಗೊತ್ತಿರಲಿಲ್ಲ. ಸೇವಂತಿಗೆ ಜಾತಿಯದ್ದು, ಕನಕಾಂಬರದ ಬಣ್ಣದ್ದು, ನಮ್ಮತ್ತೆಯ ಧಾರೆ ಸೀರೆಯ ಅಂಚಿನಂಥದ್ದು ಎಂದು ಹೇಳುತ್ತಾ ಹೋದರಂತೆ. "ನಂಗೆ ಇಷ್ಟು ಮಾತು ಬರುತ್ತೆ ಅಂತ ನಂಗೇ ಗೊತ್ತಿರ್ಲಿಲ್ಲ" ಎಂದು ಆಂಟಿ ನಕ್ಕರು, ನಗುತ್ತಲೇ ಎದ್ದು ಹೋದರು.

ಆ ಸಂಜೆ ಅಂಕಲ್ಲಿಗೆ ನಾನು ನೇರವಾಗಿಯೇ ಹೇಳಿದೆ. "ಡಿಸೆಂಬರಲ್ಲಿ ಹೋಗಿದ್ರೆ ನಿಮಗೆ ಕಾಲುವೆ ಕಾಣ್ತಿತ್ತು."

"ಕಾಣ್ತಿತ್ತು" ಅಂದರು. "ಬೇಜಾರಿದೆ ಕಣಮ್ಮ. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಮೆಟ್ಟಿಲ ಮೇಲೆ ನಿಂತಾಗ ಬಹಳ ಬೇಜಾರಾಯ್ತು." ಆಮೇಲೆ ಹುಡುಗರ ಹಾಗೆ ಮುಖ ಅರಳಿಸಿ, "ಆದ್ರೆ ಅವಳು ಮಾತಾಡ್ತಾಳೆ, ಕೇಳಿದ್ಯಾ?" ಅಂದರು.

ಅಲ್ಲಿಂದಾಚೆಗೆ ಮೇಜಿನ ಹತ್ತಿರ ಹೇಳುವವರು ಆಂಟಿ, ಕೇಳುವವರು ಅಂಕಲ್. ಲಿಫ್ಟಿನಿಂದ ಯಾರು ಇಳಿದರು, ಅವರ ಚೀಲದಿಂದ ಇಣುಕುತ್ತಿರುವುದು ಯಾವ ಸೊಪ್ಪು, ಬೆಕ್ಕು ಯಾವ ಕಂಬದ ಬುಡದಲ್ಲಿ ಮಲಗಿದೆ. ಒಂದು ಭಾನುವಾರ ಕೆಳಗೆ ಮಲಯರ ಮದುವೆ ಇತ್ತು. ಚಪ್ಪರದ ಬಣ್ಣ, ಮದುಮಗಳ ಕಿವಿಯ ಹತ್ತಿರದ ಹೂವು, ಡೋಲು ಹೊಡೆಯುವವನ ಬೆವರು ಎಲ್ಲವನ್ನೂ ಆಂಟಿ ಅವರ ಕಿವಿಯ ಹತ್ತಿರ ಬಾಗಿ ಹೇಳುತ್ತಿದ್ದರು. ಅಂಕಲ್ ನಡುನಡುವೆ ಪ್ರಶ್ನೆ ಕೇಳುತ್ತಿದ್ದರು. ಹಳದಿ ಅಂದರೆ ಯಾವ ಹಳದಿ, ನಿಂಬೆಯದೋ ಅರಿಶಿನದ್ದೋ? ಆಂಟಿ ಯೋಚಿಸಿ, ಮತ್ತೊಮ್ಮೆ ನೋಡಿ, "ಅರಿಶಿನ ಅಲ್ಲ, ಮಾವಿನ ಹಣ್ಣಿಂದು" ಅನ್ನುತ್ತಿದ್ದರು. ನಾನು ಅವರ ಪಕ್ಕ ಕೂತು, ದಿನಾ ಓಡಾಡುವ ಜಾಗದಲ್ಲಿ ಇಷ್ಟೆಲ್ಲ ಇತ್ತೇ ಎಂದು ಬೆರಗಾಗುತ್ತಿದ್ದೆ.

ಅಂಕಲ್ ಒಂದು ಬೆಳಗ್ಗೆ ನಿದ್ದೆಯಲ್ಲೇ ಹೋದರು. ಅದೊಂದಕ್ಕೆ ಮಾತ್ರ ಯಾವ ಪ್ಲಾನೂ ಇರಲಿಲ್ಲ. ಮೈಸೂರಿನಿಂದ ಆಂಟಿಯ ತಮ್ಮ ಬಂದು ಕಾರ್ಯಗಳನ್ನೆಲ್ಲ ನೋಡಿಕೊಂಡರು. ನಮ್ಮ ಜೊತೆ ಬಂದುಬಿಡು ಅಕ್ಕ, ಒಬ್ಬಳೇ ಇಲ್ಲೇನು ಮಾಡ್ತೀಯ ಎಂದು ದಿನಾ ಕರೆದರು. ಆಂಟಿ ಹೂಂ ಅಂದರು, ಹೋಗಲಿಲ್ಲ. ತಮ್ಮ ಹೊರಟ ಮೇಲೆ ಕೆಲವು ದಿನ ಅವರು ಕೆಳಗೆ ಇಳಿಯಲಿಲ್ಲ. ನಾನು ಊಟ ತೆಗೆದುಕೊಂಡು ಹೋದರೆ ಬಾಗಿಲಲ್ಲೇ ಡಬ್ಬಿ ಈಸಿಕೊಂಡು ಹಳೆಯ ಡಬ್ಬಿ ಕೊಡುತ್ತಿದ್ದರು. ಆಂಟಿಯ ಮಾತು ಮತ್ತೆ ನಿಂತೇ ಹೋಯಿತು ಎಂದುಕೊಂಡು ನನಗೆ ಅಂಕಲ್ಲಿನ ಸಾವಿಗಿಂತ ಅದೇ ಹೆಚ್ಚು ಸಂಕಟವಾಗುತ್ತಿತ್ತು.

ಒಂದು ಸಂಜೆ ಸ್ಟೇಷನ್ನಿನಿಂದ ಬರುತ್ತಿದ್ದೆ. ಮೋಡ ಕವಿದಿತ್ತು. ವಾಯ್ಡ್ ಡೆಕ್ಕಿನ ಕಲ್ಲುಮೇಜಿನ ಹತ್ತಿರ ಆಂಟಿ ತಮ್ಮ ಜಾಗದಲ್ಲೇ ಕೂತಿದ್ದರು. ಪಕ್ಕದ ಜಾಗ ಖಾಲಿ. ಹತ್ತಿರ ಬಂದಾಗ ಅವರ ದನಿ ಕೇಳಿಸಿತು. ಮೆಲ್ಲಗೆ, ಸರಾಗವಾಗಿ, ಯಾವ ಸಂಕೋಚವೂ ಇಲ್ಲದೆ ಮಾತಾಡುತ್ತಿದ್ದರು.

"ಎದುರಿನ ಬ್ಲಾಕಲ್ಲಿ ಮೂರನೇ ಮಹಡಿಯವರು ಬೆಡ್‌ಶೀಟ್ ಒಣಗಿ ಹಾಕಿದಾರೆ. ನೀಲಿ. ಆಕಾಶದ್ದಲ್ಲ, ಬಟ್ಟೆಗೆ ಹಾಕ್ತೀವಲ್ಲ, ಆ ನೀಲಿ. ಗಾಳಿ ಎದ್ದಿದೆ. ಮಳೆ ಬರುತ್ತೆ ಈಗ, ಅವರು ಮನೇಲಿ ಇದಾರೋ ಇಲ್ವೋ."

ನನ್ನ ಕಾಲು ಅಲ್ಲೇ ನಿಂತಿತು. ಹೆಜ್ಜೆಯ ಸದ್ದು ನಿಂತದ್ದು ಕೇಳಿ ಆಂಟಿ ತಿರುಗಿ ನನ್ನನ್ನು ನೋಡಿದರು. ಮೇಲಿನಿಂದ ಕೆಳಗಿನವರೆಗೆ ಸಾವಕಾಶವಾಗಿ ನೋಡಿದರು. ಆಮೇಲೆ ಖಾಲಿ ಜಾಗದ ಕಡೆ ಬಾಗಿ ಹೇಳಿದರು.

"ಮೇಲಿನ ಮನೆಯವಳು ಬಂದಳು ರೀ. ಹೆಗಲಲ್ಲಿ ಆಫೀಸ್ ಬ್ಯಾಗು, ಕೈಯಲ್ಲಿ ಹಾಲಿನ ಪ್ಯಾಕೆಟ್ಟು. ಕಂಬ ಹಿಡ್ಕೊಂಡು ನಿಂತಿದಾಳೆ. ಅಳ್ತಿದಾಳೆ, ಪಾಪ."